ಅಲೆ ಸತ್ತ ಜಾಗ

ಅಕ್ಕ ಫಿಲ್ಮ್ ಮಾಡುವವಳು, ತಂಗಿ ಅದರ ಚಿತ್ರ ತೆಗೆಯುವವಳು. ಫಿಲ್ಮ್ ಎಂದರೆ ಸಿನಿಮಾ ಅಲ್ಲ. ಸಿಲಿಕಾನ್ ಬಿಲ್ಲೆಯ ಮೇಲೆ ನಿರ್ವಾತ ಯಂತ್ರದಲ್ಲಿ ಕೂರಿಸಿದ ತೀರಾ ತೆಳುವಾದ ಆಯಸ್ಕಾಂತ ಲೋಹದ ಪದರ. ಅದನ್ನು ಕೂದಲೆಳೆಗಿಂತ ಸಣ್ಣ ಪಟ್ಟಿಯಾಗಿ ಕೊರೆದು ಒಂದು ತುದಿಗೆ ಮೈಕ್ರೋವೇವ್ ತರಂಗ ಕೊಟ್ಟರೆ, ಒಳಗಿನ ಪುಟಾಣಿ ಆಯಸ್ಕಾಂತಗಳು ಸರದಿಯಲ್ಲಿ ನಿಂತ ಜನ ಒಬ್ಬರನ್ನೊಬ್ಬರು ತಳ್ಳಿದ ಹಾಗೆ ತೂಗಾಡುತ್ತ ಹೋಗುತ್ತವೆ. ಅದೇ ಸ್ಪಿನ್ ಅಲೆ. ತಂಗಿಯ ಲೇಸರ್ ಸೂಕ್ಷ್ಮದರ್ಶಕ ಅದನ್ನು ಚುಕ್ಕಿ ಚುಕ್ಕಿಯಾಗಿ ಓದಿ ಪರದೆಯ ಮೇಲೆ ಪಟ್ಟೆ ಪಟ್ಟೆಯಾಗಿ ತೋರಿಸುತ್ತಿತ್ತು.

ಆ ವರ್ಷದ ಚಿತ್ರಗಳಲ್ಲೆಲ್ಲ ಅಲೆ ಎಡತುದಿಯಲ್ಲಿ ಹುಟ್ಟಿ ನಡುದಾರಿಯಲ್ಲೇ ಸಾಯುತ್ತಿತ್ತು. ಬಲಭಾಗ ಬರೀ ಕತ್ತಲೆ. "ಫಿಲ್ಮೇ ಕಳಪೆ" ಎಂದು ತಂಗಿ ಪ್ರಯೋಗಾಲಯದ ಮುಖ್ಯಸ್ಥರ ಎದುರು ಕಡ್ಡಿ ಮುರಿದಂತೆ ಹೇಳಿಬಿಟ್ಟಳು. ಇನ್ನು ಫಿಲ್ಮ್ ಹೊರಗಿನಿಂದ ತರಿಸೋಣ, ಅಕ್ಕ ಯಂತ್ರ ಬಿಟ್ಟು ಕಚೇರಿ ಕೆಲಸ ನೋಡಿಕೊಳ್ಳಲಿ ಎಂದರು ಅವರು. ಅಲ್ಲಿಂದ ಮನೆಯಲ್ಲಿ ಇಬ್ಬರ ಮಾತೂ ಅಮ್ಮನ ಮೂಲಕವೇ. "ಉಪ್ಪು ಕೊಡೋಕೆ ಹೇಳಮ್ಮ ಅವಳಿಗೆ" ಎನ್ನುವಲ್ಲಿಗೆ ಬಂದಿತ್ತು.

ಆದೇಶಕ್ಕೆ ಸಹಿ ಬೀಳಬೇಕಿದ್ದ ದಿನ ಬೆಳಗ್ಗೆ ಅಕ್ಕ ನೆಟ್ಟಗೆ ತಂಗಿಯ ಕೋಣೆಗೆ ನುಗ್ಗಿದಳು.

"ಬಿಲ್ಲೆನ ಹಿಂದುಮುಂದಾಗಿ ತಿರುಗಿಸಿ ಕೂರಿಸು. ಎಡಗಡೆ ತುದಿ ಬಲಕ್ಕೆ ಬರ್ಲಿ. ತಪ್ಪು ನನ್ನ ಫಿಲ್ಮಲ್ಲಿದ್ರೆ ಕತ್ತಲೆನೂ ಜೊತೆಗೇ ತಿರುಗತ್ತೆ. ಇದ್ದಲ್ಲೇ ಇತ್ತೋ, ನಿನ್ನ ಯಂತ್ರದ್ದು."

"ಹೊಂದಿಸಿಟ್ಟಿರೋದೆಲ್ಲ ಕೆಡತ್ತೆ ಅಕ್ಕ."

"ಕೆಡ್ಲಿ. ನೋಡದೆ ನಾನು ಹೋಗಲ್ಲ."

ಕುರ್ಚಿ ಎಳೆದುಕೊಂಡು ಕೂತೇಬಿಟ್ಟಳು. ಹಠಕ್ಕೆ ಬಿದ್ದರೆ ಇವಳನ್ನು ಎಬ್ಬಿಸಲು ಕ್ರೇನ್ ತರಿಸಬೇಕು. ತಂಗಿಯೇನು ಕಡಿಮೆಯೇ? ನೋಡೇಬಿಡೋಣ ಎಂದು ಬಿಲ್ಲೆ ತಿರುಗಿಸಿದಳು. ವರ್ಷವಿಡೀ ಅದನ್ನು ಒಂದೇ ಬದಿಗೆ ಕೂರಿಸುವುದು ಅವಳ ಕೈಗೆ ಅಭ್ಯಾಸವಾಗಿಹೋಗಿತ್ತು.

ಪರದೆ ಎಡದಿಂದ ತುಂಬತೊಡಗಿತು. ಈಗ ಅಲ್ಲಿರುವುದು ಪಟ್ಟಿಯ ದೂರದ ತುದಿ, ಅಲೆ ತಲುಪುವುದೇ ಇಲ್ಲವೆಂದು ಅವಳು ವಾದಿಸಿದ್ದ ತುದಿ. ಮೊದಲಿಗೇ ಪಟ್ಟೆಗಳು ಮೂಡಿದವು. ಅಲೆ ಅಷ್ಟು ದಿನವೂ ಕೊನೆ ಮುಟ್ಟುತ್ತಲೇ ಇತ್ತು. ಬಲಕ್ಕೆ ಬಂದರೆ, ಅಲೆ ಹುಟ್ಟುವ ಜಾಗದಲ್ಲೇ ಕತ್ತಲೆ.

ಅಕ್ಕ ಅಂಗೈಯಿಂದ ಕಣ್ಣೊರೆಸಿಕೊಂಡಳು. ಅದರ ಬದಲು ನಾಲ್ಕು ಬೈದಿದ್ದರೂ ತಂಗಿಗೆ ಹಿತವಾಗಿರುತ್ತಿತ್ತು. ನಾಚಿಕೆಯಿಂದ ಅವಳ ಮುಖ ಸುಡುತ್ತಿತ್ತು. ಬಿಲ್ಲೆ ಕೂರುವ ತಟ್ಟೆಯ ಮಟ್ಟ ಅಳೆದು ನೋಡಿ, ಅದೇ ಮುಖ ಹೊತ್ತು ಮುಖ್ಯಸ್ಥರ ಕೋಣೆಗೆ ನಡೆದಳು.

"ಸಹಿ ಹಾಕ್ಬೇಡಿ ಸರ್. ಫಿಲ್ಮ್ ಚೆನ್ನಾಗಿದೆ. ಬಿಲ್ಲೆ ಕೂರೋ ತಟ್ಟೆ ಓರೆಯಾಗಿದೆ, ಬಲಗಡೆ ಲೇಸರ್ ಫೋಕಸ್ ತಪ್ತಿದೆ. ನಾನು ನೋಡ್ಕೋಬೇಕಿತ್ತು."

"ಹಾಗಾದ್ರೆ ನೀನು ಈ ವರ್ಷ ತೆಗೆದ ಚಿತ್ರಗಳು?"

"ಒಂದೂ ಪ್ರಯೋಜನಕ್ಕಿಲ್ಲ. ಎಲ್ಲಾನೂ ಮೊದಲಿಂದ ತೆಗೀತೀನಿ."

"ಅಷ್ಟರಲ್ಲಿ ಹೊರಗಿನ ಫಿಲ್ಮೂ ಬರತ್ತೆ. ಅವರಿಗೆ ಮಾತು ಕೊಟ್ಟಾಗಿದೆ."

"ನಂಗೆ ಅಕ್ಕಂದೇ ಬೇಕು ಸರ್. ಯಂತ್ರ ಕಿತ್ಕೊಳ್ಳೋದಾದ್ರೆ ತಪ್ಪು ಮಾಡಿದ್ದು ನಾನು, ನಂದು ಕಿತ್ಕೊಳ್ಳಿ."

ಮುಖ್ಯಸ್ಥರು ಅವಳ ಮುಖವನ್ನೇ ನೋಡಿ, ಪೆನ್ನಿನ ಮುಚ್ಚಳ ಹಾಕಿದರು.