ಎರಡು ಬಟ್ಟಲು ತುಂಬೆ

ತೊಂಬತ್ತೊಂಬತ್ತನೇ ಇಸವಿ. ನನ್ನ ಗಂಡ ಪ್ರಭುದೇವನಿಗೆ ತಮಿಳುನಾಡಿನ ಪೆರಂಬೂರು ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ. ಕ್ವಾರ್ಟರ್ಸಿನ ಹಿತ್ತಲಲ್ಲಿ ನನ್ನ ಸಿಹಿಗುಂಬಳದ ಬಳ್ಳಿ ಕಾಂಪೌಂಡು ದಾಟಿ ಹಬ್ಬಿತ್ತು. ಹೂವೋ ಹೂವು, ಕಾಯಿ ಮಾತ್ರ ಒಂದೂ ಇಲ್ಲ. ನಿಂಬೆಹಣ್ಣಿನಷ್ಟು ಹೀಚು ಬಿಡುವುದು, ಹಳದಿಯಾಗುವುದು, ಉದುರುವುದು. ಜೇನು ಬಾರದಿದ್ದರೆ ಹೀಗೇ ಆಗುತ್ತದೆಂದು ತಿಪಟೂರಿನ ಕಡೆಯ ರೈತನ ಮಗಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹಳಿಯ ಪಕ್ಕದಿಂದ ತುಂಬೆ ಸಸಿ ಕಿತ್ತು ತಂದು ಬಳ್ಳಿಯ ಸುತ್ತ ನೆಟ್ಟೆ. ತುಂಬೆ ಇದ್ದಲ್ಲಿಗೆ ಜೇನು ಬಂದೇ ಬರುತ್ತದೆ. ಕಳೆಗೆ ನೀರು ಹಾಕುತ್ತಾಳೆಂದು ಪಕ್ಕದ ಮನೆಯವರು ನಕ್ಕರು. ನಗಲಿ. ನನ್ನದು ಒಂದೇ ಹಟ: ಈ ಮಣ್ಣಲ್ಲಿ ಒಂದಾದರೂ ಕುಂಬಳಕಾಯಿ ಬೆಳೆಯಬೇಕು.

ತುಂಬೆ ಹೂ ಬಿಡುವ ಹೊತ್ತಿಗೆ ಅತ್ತೆ ಶಿವಗಂಗಮ್ಮ ಊರಿನಿಂದ ಬಂದರು. ಮಾವ ತೀರಿಕೊಂಡು ಮೂರು ತಿಂಗಳಾಗಿತ್ತು. ಅತ್ತೆಗೆ ತಮಿಳು ಬಾರದು, ಬೀದಿಗೆ ಇಳಿಯರು, ಮಾತೂ ಅಷ್ಟಕ್ಕಷ್ಟೇ. ಆದರೆ ಹಿತ್ತಲಲ್ಲಿ ತುಂಬೆ ಕಂಡದ್ದೇ ಮುಖ ಅರಳಿತು. ಲಿಂಗಪೂಜೆಗೆ ಅದಕ್ಕಿಂತ ಒಳ್ಳೆಯ ಹೂವುಂಟೆ? ದಿನಾ ಬೆಳಕು ಹರಿಯುವ ಮೊದಲೇ ಮಿಂದು, ಒಂದು ಹೂವೂ ಉಳಿಸದೆ ಬಿಡಿಸಿ, ಎರಡು ಬಟ್ಟಲು ತುಂಬಿಸಿಕೊಂಡು ಒಳಗೆ ಹೋಗುತ್ತಿದ್ದರು.

ಎರಡು ಬಟ್ಟಲು! ಅಂಗೈಯಲ್ಲಿ ಕೂರುವ ಲಿಂಗಕ್ಕೆ ಎಷ್ಟು ಹೂ ಬೇಕು? ನನಗೆ ಮೈ ಉರಿಯುತ್ತಿತ್ತು. ಜೇನೊಂದು ಬೋಳು ತುಂಬೆಯನ್ನು ಸುತ್ತಿ ಬಂದ ದಾರಿಯಲ್ಲೇ ವಾಪಸ್ಸು ಹೋಗುವುದನ್ನು ಕಿಟಕಿಯಿಂದ ನೋಡಿ ಹಲ್ಲು ಕಚ್ಚುತ್ತಿದ್ದೆ. ಹೇಳೋಣವೆಂದರೆ ಬಾಯಿ ಬಾರದು. ಇಡೀ ದಿನದಲ್ಲಿ ಆ ಜೀವಕ್ಕಿದ್ದ ನೆಮ್ಮದಿ ಅದೊಂದೇ. ಅದನ್ನೂ ಕಸಿದುಕೊಂಡರೆ ನಾನೆಂಥ ಸೊಸೆ?

ಕೊನೆಗೆ ಹೇಳಿದವಳು ಒಂಬತ್ತು ವರ್ಷದ ಮಗಳು ಶರಣ್ಯಾ. ಅವಳಿಗೆ ದಾಕ್ಷಿಣ್ಯವೆಂದರೇನೆಂದು ಗೊತ್ತಿಲ್ಲ, ಆಡುವ ಕನ್ನಡದಲ್ಲಿ ಅರ್ಧ ತಮಿಳು.

"ಅಜ್ಜೀ, ಪೂ ಎಲ್ಲಾ ನೀವೇ ಎಡುತ್ತಾ ತೇನೀಗೆ ಏನು? ಪಾವಂ!"

ಅತ್ತೆ ನನ್ನತ್ತ ತಿರುಗಿದರು. "ಏನಂತೈತೆ ಮಗು?"

"ಜೇನಿಗೂ ಹೂ ಬೇಕಲ್ವಾ ಅಂತಾಳೆ, ಅತ್ತೆ. ಜೇನು ಬರದೆ ಕುಂಬಳ ಕಾಯಿ ಕಟ್ತಿಲ್ಲ."

ಬೇರೇನೋ ಹೇಳಿ ಮಾತು ತೇಲಿಸಬಹುದಿತ್ತು. ತೇಲಿಸಲಿಲ್ಲ. ಅವರು ಕೈಯಲ್ಲಿದ್ದ ಬಟ್ಟಲುಗಳನ್ನೇ ನೋಡಿ ಒಳಗೆ ಹೋದರು. ಅಂದು ಊಟವೂ ಸರಿಯಾಗಿ ಮಾಡಲಿಲ್ಲ. ಒಂದು ಕುಂಬಳಕಾಯಿಯ ಆಸೆಗೆ ಬಿದ್ದು ಏನು ಮಾಡಿಬಿಟ್ಟೆನೆಂದು ನನ್ನನ್ನು ನಾನೇ ಬೈದುಕೊಂಡೆ.

ಮರುದಿನ ಬೆಳಿಗ್ಗೆ ಹಿತ್ತಲಿಗೆ ಹೋದರೆ ಅತ್ತೆ ತುಂಬೆಯ ಪಕ್ಕ ಮಣೆ ಹಾಕಿಕೊಂಡು ಕೂತಿದ್ದರು. ಪೂಜೆ ಮುಗಿದಿತ್ತು. ಒಂದು ಬಟ್ಟಲಲ್ಲಿ ನಾಲ್ಕಾರು ಹೂ ಮಿಕ್ಕಿದ್ದವು. ಇನ್ನೊಂದನ್ನು ಬೋರಲು ಹಾಕಿದ್ದರು. ಗಿಡಗಳ ಮೇಲೆ ಅರ್ಧಕ್ಕರ್ಧ ಹೂ ಹಾಗೇ ಇತ್ತು.

"ನಿಮ್ ಮಾವ್ನೋರೂ ನಾನೂ ನಲವತ್ತು ವರ್ಷ ಜೊತೇಲೇ ಪೂಜೆಗೆ ಕೂತಿದ್ದೋ ಕಣಮ್ಮ," ಎಂದರು. "ಇಬ್ರಿಗೂ ಹೂ ಬಿಡಿಸ್ತಿದ್ದೋಳು ನಾನೇ. ಅವ್ರ ಲಿಂಗ ಅವ್ರ ಜೊತೆ ಮಣ್ಣಿಗೋಯ್ತು. ಗೊತ್ತು ನಂಗೆ. ಕೈ ಕೇಳಬೇಕಲ್ಲ! ದಿನಾ ಅವ್ರ ಬಟ್ಟಲೂ ತುಂಬ್ಸೋದು, ಬಾಡಿದ ಮ್ಯಾಲೆ ಗಿಡದ ಬುಡಕ್ಕೆ ಹಾಕೋದು."

ದುರಾಸೆ ಎಂದುಕೊಂಡಿದ್ದೆನಲ್ಲ ನಾನು! ನಾಚಿಕೆಯಿಂದ ಕುಗ್ಗಿಹೋದೆ.

"ಇನ್ಮ್ಯಾಲೆ ಅವ್ರ ಪಾಲು ಜೇನಿಗೆ ಇರ್ಲಿ ಬಿಡು."

ಬಿಸಿಲೇರುವ ಮೊದಲೇ ಒಂದು ಜೇನು ಬಂತು. ತುಂಬೆಯಿಂದ ತುಂಬೆಗೆ ಹಾರಿತು, ನಾವಿಬ್ಬರೂ ನೋಡುತ್ತಿದ್ದಂತೆ ಕುಂಬಳದ ಹೂವಿನೊಳಗೆ ನುಗ್ಗಿತು, ಮೈತುಂಬ ಹಳದಿ ಹುಡಿ ಬಳಿದುಕೊಂಡು ಹೊರಬಂದು ಇನ್ನೊಂದಕ್ಕೆ ಓಡಿತು.

"ಥೇಟು ಅವ್ರಂಗೇ," ಎಂದರು ಅತ್ತೆ. "ಒಂದು ಕಡೆ ಕೂರಾಕಿಲ್ಲ."

ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಒಳಗೆ ಓಡಿದೆ. ಅಂದಿನ ಹಾಲು ಇನ್ನೂ ಬಂದೇ ಇರಲಿಲ್ಲ.