ಐದು ಹೆಸರಿನ ರಜೆ ಅರ್ಜಿ

ನಮ್ಮ ಕಂಪನಿಯ ರಜೆ ಫಾರ್ಮಿನಲ್ಲಿ ಮೃತರ ಹೆಸರು ಬರೆಯಲು ಒಂದೇ ಗೆರೆ ಇದೆ. ಸ್ಟೋರಿನಲ್ಲಿ ಕೆಲಸ ಮಾಡುವ ಹಿಶಾಮ್ ಅದರ ಮೇಲೆ ತಂಗಿ ರೀಮ್ ಹೆಸರು ಬರೆದು, ಅವಳ ನಾಲ್ಕು ಮಕ್ಕಳ ಹೆಸರುಗಳನ್ನು ಅಂಚಿನಲ್ಲಿ ಇರುಕಿಸಿದ್ದ. ಕೊನೆಯವಳು ಸಲ್ಮಾ, ಎರಡು ವರ್ಷ. ಗಾಝಾದಲ್ಲಿ ಅವರಿದ್ದ ಮನೆಯ ಮೇಲೆ ಬಾಂಬು ಬಿದ್ದಿತ್ತು. ಫೋನು ಮಾಡಿ ತಿಳಿಸಿದವರು ನೆರೆಮನೆಯವರು.

ಫಾರ್ಮಿನ ಕೆಳಗೆ ಸ್ಟೋರಿನ ಸೂಪರ್‌ವೈಸರ್ ದೇಜಪ್ಪಣ್ಣ ಮರಣಪತ್ರ ಇಲ್ಲ, ಒಪ್ಪಲಾಗದು ಎಂದು ಬರೆದಿದ್ದರು. ರಜೆ ಮಂಜೂರಾಗದೆ ಏಳು ದಿನ ದಾಟಿದರೆ ಕೆಲಸ ಹೋಗುತ್ತದೆ. ಅವತ್ತು ಗುರುವಾರ, ಹಿಶಾಮ್ ಬಾರದೆ ಐದನೆಯ ದಿನ. ರಜೆಯ ಕಡತಗಳನ್ನು ನೋಡಿಕೊಳ್ಳುವ ಗುಮಾಸ್ತೆ ನಾನೇ.

ಸತ್ಯ ಹೇಳಿಬಿಡುತ್ತೇನೆ, ನನಗೆ ಸಿಟ್ಟು ಬಂದದ್ದು ದೇಜಪ್ಪಣ್ಣನ ಮೇಲೆ ಮಾತ್ರವಲ್ಲ. ನಾವೆಲ್ಲ ವಾಸವಿರುವ ಕೊಲ್ಲಿ ದೇಶದ ಅಲ್ ಖೋರ್‌ನಿಂದ ಹೊರಡುವ ಕಂಪನಿ ಬಸ್ಸಿನಲ್ಲಿ ಮುಂದಿನ ಸೀಟು ಅವರದು, ದರ್ಬಾರೂ ಅವರದೇ. ಸೋಮವಾರ ನಲವತ್ತು ಜನರ ಎದುರು, "ಎಲ್ಲ ನಾಟಕ ಮಾರಾಯ್ರೆ. ವಿಡಿಯೊದಲ್ಲಿ ಸತ್ತ ಮಗು ಅಂತ ಗೊಂಬೆ ಹಿಡ್ಕೊಂಡು ಅಳುದು. ಈ ಹಿಶಾಮನ ತಂಗಿ ಸತ್ತದ್ದಕ್ಕೆ ಎಂತ ಪ್ರೂಫ್ ಉಂಟು?" ಎಂದಿದ್ದರು. ಕೆಲವರು ನಕ್ಕರು. ನಾನು ನಗಲಿಲ್ಲ, ಆದರೆ ಬಾಯಿಗೆ ಬೀಗ ಹಾಕಿಕೊಂಡು ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದೆ. ಆ ನಾಚಿಕೆ ಮೂರು ದಿನದಿಂದ ನನ್ನನ್ನು ತಿನ್ನುತ್ತಿತ್ತು.

ಊಟದ ಹೊತ್ತಿಗೆ ಫಾರ್ಮು ಹಿಡಿದು ಸ್ಟೋರಿಗೆ ಹೋದೆ.

"ದೇಜಪ್ಪಣ್ಣ, ಮರಣಪತ್ರ ಇಲ್ಲದಿದ್ರೆ ಸಹೋದ್ಯೋಗಿಯ ಹೇಳಿಕೆ ಸಾಕು ಅಂತ ರೂಲ್ಸಲ್ಲೇ ಉಂಟು. ಹೇಳಿಕೆ ನಾನು ಕೊಟ್ಟಿದ್ದೇನೆ. ನಿಮ್ಮ ಸಹಿ ಬೇಕು."

"ನೀನು ನೋಡಿದ್ದೀಯಾ? ಕಣ್ಣಲ್ಲಿ ನೋಡದೆ ಹೇಗೆ ಬರೆದು ಕೊಟ್ಟೆ?"

"ಅಲ್ಲಿ ಆಫೀಸೇ ಉಳಿದಿಲ್ಲ. ಪತ್ರ ಯಾರು ಕೊಡುದು?"

"ಅವರ ಕಡೆಯವರು ಜನರನ್ನು ಕೊಂದು, ಹೊತ್ಕೊಂಡು ಹೋದದ್ದು ನಿಂಗೆ ಮರ್ತು ಹೋಯ್ತಾ?"

"ಮರ್ತಿಲ್ಲ. ಅದೂ ಘೋರವೇ. ಆದ್ರೆ ಸಲ್ಮಾಗೆ ಎರಡು ವರ್ಷ. ಅವಳು ಯಾರನ್ನು ಹೊತ್ಕೊಂಡು ಹೋದ್ಳು ಹೇಳಿ."

ಅವರು ಟಿಫಿನ್ನಿನ ಮುಚ್ಚಳ ತೆರೆದು ಮತ್ತೆ ಮುಚ್ಚಿದರು. "ನಂಗೆ ಪೇಪರ್ ಬೇಕು. ಖಲಾಸ್."

ಪೇಪರೇ ಬೇಕಾದರೆ ಪೇಪರೇ ಇರಲಿ ಎಂದು, ಸೆರಗಿನ ಕೆಂಡದಂತೆ ಬೆಳಗಿನಿಂದ ಹೊತ್ತುಕೊಂಡಿದ್ದ ಇನ್ನೊಂದು ಫಾರ್ಮನ್ನು ಅವರ ಮುಂದಿಟ್ಟೆ. ಎರಡು ವರ್ಷದ ಹಿಂದಿನದು. ಮೃತರ ಹೆಸರು: ಪೂವಕ್ಕ. ದೇಜಪ್ಪಣ್ಣನ ತಾಯಿ. ಊರಿನಿಂದ ಫೋನು ಬಂದ ಬೆಳಿಗ್ಗೆ ಅವರು ಇದೇ ಸ್ಟೋರಿನ ನೆಲದ ಮೇಲೆ ಕುಳಿತು ಅತ್ತಿದ್ದರು. ಪಂಚಾಯಿತಿಯ ಮರಣಪತ್ರ ಕೈಗೆ ಬಂದದ್ದು ಒಂದೂವರೆ ತಿಂಗಳ ಮೇಲೆ. ರಜೆ ಮಾತ್ರ ಅದೇ ದಿನ ಸಿಕ್ಕಿತ್ತು, ಸಹೋದ್ಯೋಗಿಯೊಬ್ಬನ ಹೇಳಿಕೆಯ ಮೇಲೆ.

"ಸಹಿ ಯಾರದ್ದು, ಓದಿ."

ಅವರು ಓದಲಿಲ್ಲ. ಓದುವ ಅಗತ್ಯವಿರಲಿಲ್ಲ, ಅವತ್ತು ಬೆಳಿಗ್ಗೆ ಸ್ಟೋರಿನಲ್ಲಿ ಇದ್ದದ್ದು ಹಿಶಾಮ್ ಒಬ್ಬನೇ.

"ಅವನು ನಿಮ್ಮ ಅಮ್ಮನನ್ನು ಕಣ್ಣಲ್ಲಿ ನೋಡಿದ್ನಾ? ಪೂವಕ್ಕ ಅಂತ ಹೇಳ್ಲಿಕ್ಕೂ ಅವನಿಗೆ ಬರ್ತಿರ್ಲಿಲ್ಲ. ನೀವು ಅತ್ತದ್ದು ನೋಡಿ ಸಹಿ ಹಾಕಿದ. ಅಳುದು ನಾಟಕವಾ ಅಂತ ಕೇಳಿದ್ನಾ?"

ದೇಜಪ್ಪಣ್ಣ ಹಿಶಾಮನ ಫಾರ್ಮನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ತಾವು ಬರೆದದ್ದನ್ನು ಹೊಡೆದುಹಾಕಿ ಸಹಿ ಮಾಡಿದರು. "ಆಯ್ತಲ್ಲ, ಹೋಗು."

"ಆಗ್ಲಿಲ್ಲ. ಬಸ್ಸಲ್ಲಿ ಹೇಳಿದ್ದನ್ನು ಬಸ್ಸಲ್ಲೇ ವಾಪಸ್ ತಗೊಳ್ಬೇಕು. ಅವನು ಅದೇ ಬಸ್ಸಲ್ಲಿ ಬರ್ಬೇಕಲ್ವಾ?"

"ಅಷ್ಟು ಜನರ ಎದುರಾ?"

"ಹೇಳಿದ್ದು ಅಷ್ಟೇ ಜನರ ಎದುರು."

ಮರುವಾರ ಬಸ್ಸಿನಲ್ಲಿ ದೇಜಪ್ಪಣ್ಣ ತುಟಿ ಬಿಚ್ಚಲಿಲ್ಲ. ಮಂಗಳವಾರ ಹಿಂದಿನ ಸೀಟಿನ ಅಕ್ಷಯ್ ಮೊಬೈಲು ತೋರಿಸಿ ಮತ್ತೆ ಗೊಂಬೆಯ ಮಾತು ತೆಗೆದಾಗ ನಾನು ಎದ್ದು ನಿಂತು, "ಹಿಶಾಮನ ಮನೆಯಲ್ಲಿ ಐದು ಜನ ಸತ್ತಿದ್ದಾರೆ. ನಗುದಾದ್ರೆ ನನ್ನ ಮುಖ ನೋಡಿ ನಗು," ಎಂದೆ. ಅವನು ಮೊಬೈಲು ಜೇಬಿಗಿಡುವವರೆಗೆ ಕೂರಲಿಲ್ಲ.

ಇಲ್ಲಿ ಕೆಲಸದ ವಾರ ಶುರುವಾಗುವುದು ಭಾನುವಾರ; ಮುಂದಿನ ಭಾನುವಾರ ಹಿಶಾಮ್ ಬಸ್ಸು ಹತ್ತಿದ. ಗಡ್ಡ ಬೆಳೆದಿತ್ತು. ಎಲ್ಲರಿಗೂ ಒಮ್ಮೆಲೇ ಕಿಟಕಿಯ ಹೊರಗೆ ಏನೋ ಕಂಡಿತು. ದೇಜಪ್ಪಣ್ಣ ಏಳದಿದ್ದರೆ ನಾನೇ ಏಳುವವಳಿದ್ದೆ.

ಅವರು ಎದ್ದರು. ಸೀಟಿನ ಕಂಬಿ ಹಿಡಿದು, ತಮ್ಮ ಮುರುಕು ಹಿಂದಿಯಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದರು: "ಇವನ ತಂಗಿ ಸತ್ತದ್ದು ಸುಳ್ಳು ಅಂತ ನಾನು ಇಲ್ಲೇ ಹೇಳಿದ್ದೆ. ಸುಳ್ಳು ನನ್ನ ಮಾತು. ಸತ್ತವರು ರೀಮ್. ಯಝನ್. ತಾಲಾ. ಜೂದ್..."

ಐದನೆಯದು ನೆನಪಾಗದೆ ನಿಂತುಬಿಟ್ಟರು. ನನಗೆ ಗೊತ್ತಿತ್ತು, ಆದರೆ ಹೇಳಬೇಕಾದವಳು ನಾನಲ್ಲ.

"ಸಲ್ಮಾ," ಎಂದ ಹಿಶಾಮ್.

"ಸಲ್ಮಾ," ಎಂದರು ದೇಜಪ್ಪಣ್ಣ, ಮತ್ತು ಕಿಟಕಿಯ ಕಡೆಗೆ ಸರಿದು ಪಕ್ಕದಲ್ಲಿ ಅವನಿಗೆ ಜಾಗ ಮಾಡಿಕೊಟ್ಟರು.