ಓಯ್ನಿಸೊ ಬಿಟ್ಟುಕೊಟ್ಟ ಸರದಿ

"ಹಲಗೆ ಎತ್ತೇ, ನೀರು ಬಂತು!" ಹೊಲದ ಆ ತುದಿಯಿಂದ ನಿಯೋಜ್ ಕೂಗಿದ.

ಅವನ ಹೆಂಡತಿ ಓಯ್ನಿಸೊ ತೂಬಿನ ಬಳಿ ಗುದ್ದಲಿ ಊರಿಕೊಂಡು ನಿಂತೇ ಇದ್ದಳು. ಪೇಟೆಯ ಚರಂಡಿ ನೀರು ಬೂದು ನೊರೆ ಹೊತ್ತು ಕಾಲುವೆಯಲ್ಲಿ ಇಳಿದು ಬರುತ್ತಿತ್ತು. ಇವತ್ತು ಬಿಟ್ಟರೆ ಇನ್ನು ಹನ್ನೆರಡು ದಿನ ಅವರ ಸರದಿಯಿಲ್ಲ.

ಹೊಳೆಯ ನೀರು ನಿಂತು ಈ ನೀರು ಬಂದ ಮೊದಲ ವರ್ಷ ಈರುಳ್ಳಿ ಮುಷ್ಟಿಗೆ ಸಿಗದಷ್ಟು ದಪ್ಪ ಬಂದಿತ್ತು. ಗೊಬ್ಬರದ ಮಾತೇ ಇಲ್ಲವೆಂದು ನಿಯೋಜ್ ಬೀಗಿದ್ದ. ಈಗ ಒಂಬತ್ತನೆಯ ವರ್ಷ. ಸೊಪ್ಪು ಮೊಣಕಾಲೆತ್ತರ, ಕಡುಹಸಿರು. ಕಿತ್ತು ನೋಡಿದರೆ ಕತ್ತು ಹೆಬ್ಬೆರಳಿನಷ್ಟು, ಗಡ್ಡೆ ಅದಕ್ಕಿಂತ ಚೂರು ದೊಡ್ಡದು. ಆ ಕತ್ತು ಒಣಗುವುದೇ ಇಲ್ಲ. ಕೊಟ್ಟಿಗೆಯಲ್ಲಿಟ್ಟರೆ ತಿಂಗಳೊಳಗೆ ಒಳಗಿಂದ ಕೊಳೆಯುತ್ತದೆ. ನೀರು ಕುಡಿದ ಮೂರನೆಯ ದಿನಕ್ಕೆ ಮಣ್ಣು ಹಂಚಿನ ಚೂರಿನ ಹಾಗೆ ಬಿರಿದು ಏಳುತ್ತದೆ. ಬದುವಿನ ತುಂಬ ಬಿಳಿ ಉಪ್ಪು. ಈ ನೆಲ ಅಗೆದೂ ಅಗೆದೂ ಅವಳ ರಟ್ಟೆ ಬಿದ್ದುಹೋಗಿತ್ತು.

ಪಕ್ಕದ ಹೊಲದ ಹಾಲ್ಮುರೊದ್ ಹೋದ ವರ್ಷವೇ ತರಕಾರಿ ಬಿಟ್ಟು, ತೊಲೆಗಾಗುತ್ತದೆಂದು ಪಾಪ್ಲರ್ ಮರದ ಸಸಿ ನೆಟ್ಟಿದ್ದ. ಮುಂದಿನ ಸರದಿ ಅವನದೇ; ಆಗಲೇ ತೂಬಿನ ಬಳಿ ಬಂದು ನಿಂತಿದ್ದ. "ಬೇಗ ಮುಗ್ಸಕ್ಕಾ, ನನ್ ಗಿಡ ಬಾಯಿ ಬಿಡ್ತಾವೆ."

"ಈ ಸಲ ನೀನೇ ತಗೋ."

"ತಮಾಷೆ ಮಾಡ್ತೀಯಾ?"

"ತಮಾಷೆ ಮಾಡೋಕೂ ತ್ರಾಣ ಬೇಕಲ್ಲಪ್ಪ. ತಿರುಗಿಸ್ಕೋ."

ಅಷ್ಟರಲ್ಲಿ ನಿಯೋಜ್ ಏದುಸಿರು ಬಿಡುತ್ತ ಬಂದ. "ತಲೆ ಕೆಟ್ಟಿದೆಯೇನೇ? ಪೈರು ಸುಟ್ಟುಹೋಗುತ್ತೆ!"

"ಹೋಗ್ಲಿ. ನಾವೂ ಮರ ನೆಡೋಣ."

"ತೊಲೆ ಆಗೋಕೆ ಹತ್ತು ವರ್ಷ ಬೇಕು. ಅಲ್ಲೀತನಕ ಎಲೆ ತಿಂತೀಯಾ?"

"ಹತ್ತಿ ಬಿಡಿಸೋಕೆ ಹೋಗ್ತೀನಿ." ಅವಳು ದನಿ ಏರಿಸಲಿಲ್ಲ. "ಅತ್ತೆ ತೀರಿ ವರ್ಷ ತುಂಬಿದ ದಿನ ಪಲಾವಿಗೆ ಈರುಳ್ಳಿ ಎಲ್ಲಿಂದ ತಂದ್ರಿ?"

ನಿಯೋಜ್ ಅದನ್ನು ಬಜಾರಿನಿಂದ, ಚರಂಡಿ ನೀರು ಸೋಕದ ಬೆಟ್ಟದ ಕಡೆಯ ಮಾಲೇ ಹೌದೆಂದು ಮಾರುವವನಿಂದ ಆಣೆ ಹಾಕಿಸಿಕೊಂಡು ತಂದಿದ್ದ.

ಹಾಲ್ಮುರೊದ್ ಹಲಗೆಯ ಮೇಲೆ ಕೈಯಿಟ್ಟು ಇಬ್ಬರ ಮುಖವನ್ನೂ ನೋಡಿದ. "ಏನ್ ಮಾಡ್ಲಣ್ಣಾ?"

ನಿಯೋಜ್ ಹೊಲದ ಕಡೆ ತಿರುಗಿ ನಿಂತ.

"ಅವಳು ಹೇಳಿದ್ದು ಕೇಳಿಸ್ಲಿಲ್ವಾ ನಿಂಗೆ?"

ನೀರು ಪಾಪ್ಲರ್ ಸಾಲಿನತ್ತ ಹೊರಳಿತು. ಗಂಡಹೆಂಡಿರು ಬದುವಿನ ಮೇಲೆ ಕೂತರು. ಓಯ್ನಿಸೊ ಬುತ್ತಿಯ ಬಟ್ಟೆ ಬಿಚ್ಚಿ ರೊಟ್ಟಿ ಹೊರತೆಗೆದಳು. ಪಕ್ಕದಲ್ಲೇ ನೀರು ಹರಿಯುತ್ತಿತ್ತು. ಇಬ್ಬರೂ ಹುಲ್ಲಿಗೆ ಕೈ ಒರೆಸಿಕೊಂಡರು; ನಿಯೋಜ್ ರೊಟ್ಟಿ ಮುರಿದು ದೊಡ್ಡ ತುಂಡನ್ನು ಅವಳ ಕಡೆ ಸರಿಸಿದ.